ಚಿತ್ರಕಲೆಯ ಪಿರಿಯಡ್ಡಿಗೆ ಒಂದು ಕೆಲಸದ ಚೀಟಿ: ಶಾಲಾ ಶಿಕ್ಷಣ ಇಲಾಖೆಗೆ ಬಹಿರಂಗ ಪತ್ರ

ಇವರಿಗೆ,
ಶಾಲಾ ಶಿಕ್ಷಣ ಇಲಾಖೆ ಹಾಗೂ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯ ಅಧಿಕಾರಿಗಳು,
ಪ್ರೌಢಶಾಲೆಗಳ ಮುಖ್ಯ ಶಿಕ್ಷಕರು ಮತ್ತು ಚಿತ್ರಕಲಾ ಶಿಕ್ಷಕರು

ವಿಷಯ: 8 ಮತ್ತು 9ನೇ ತರಗತಿಯಲ್ಲಿ ಗ್ರಾಫಿಕ್ ಡಿಸೈನ್ ಕೆಲಸಗಳ ಮೂಲಕ ಚಿತ್ರ ಬರೆಯುವುದನ್ನು ಕಲಿಸುವ ಬಗ್ಗೆ

ಮಾನ್ಯರೇ,

ಚಿತ್ರಕಲೆಯ ಪಿರಿಯಡ್ಡಿನಲ್ಲಿ ಹೆಚ್ಚಿನ ಕಡೆ ಏನು ನಡೆಯುತ್ತದೆ ಎನ್ನುವುದು ತಮಗೂ ಗೊತ್ತು. ಬೋರ್ಡಿನ ಮೇಲೆ ಒಂದು ಹೂಕುಂಡ, ಇಲ್ಲವೆ ಎರಡು ಗುಡ್ಡ, ನಡುವೆ ಸೂರ್ಯ, ಪಕ್ಕದಲ್ಲೊಂದು ತೆಂಗಿನಮರ. ಮಕ್ಕಳು ಅದನ್ನೇ ಹಾಳೆಗೆ ಇಳಿಸಿ ಬಣ್ಣ ತುಂಬುತ್ತಾರೆ. ಪರೀಕ್ಷೆ ಹತ್ತಿರವಾದರೆ ಆ ಪಿರಿಯಡ್ಡೂ ಗಣಿತಕ್ಕೋ ವಿಜ್ಞಾನಕ್ಕೋ ಹೋಗುತ್ತದೆ. ಎಸ್.ಎಸ್.ಎಲ್.ಸಿ.ಯ 625 ಅಂಕಗಳಲ್ಲಿ ಚಿತ್ರಕಲೆಗೆ ಒಂದು ಅಂಕವೂ ಇಲ್ಲದಿರುವಾಗ ಮುಖ್ಯ ಶಿಕ್ಷಕರನ್ನು ದೂರಿ ಪ್ರಯೋಜನವಿಲ್ಲ.

ನಾವು ಚಿತ್ರ ಕಲಿಸುವವರು, ಪ್ರೆಸ್ಸಿಗೆ ವಿನ್ಯಾಸ ಮಾಡಿಕೊಡುವವರು, ಬೋರ್ಡು ಬರೆಯುವವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಹೊಸ ವಿಷಯವನ್ನಾಗಲಿ, ಹೊಸ ಪಠ್ಯಪುಸ್ತಕವನ್ನಾಗಲಿ ಕೇಳುತ್ತಿಲ್ಲ. ಇರುವ ಪಿರಿಯಡ್ಡಿನಲ್ಲೇ ವರ್ಷಕ್ಕೆ ನಾಲ್ಕು ಕೆಲಸಗಳನ್ನು, ಗಿರಾಕಿಗೆ ಏನು ಬೇಕೆಂದು ಬರೆದ ಚೀಟಿಯ ಸಮೇತ, ಮಕ್ಕಳ ಕೈಗೆ ಕೊಡಿ ಎನ್ನುತ್ತಿದ್ದೇವೆ: ಒಂದು ಅಂಗಡಿಯ ಬೋರ್ಡು, ಒಂದು ಪೊಟ್ಟಣ ಮತ್ತು ಲೇಬಲ್ಲು, ಒಂದು ಗುರುತು, ಒಂದು ತಿಳಿವಳಿಕೆಯ ಚಿತ್ರಪಟ. ನಾಲ್ಕೂ ಹೊರಗಿನ ಪ್ರಪಂಚದಲ್ಲಿ ದುಡ್ಡು ಕೊಟ್ಟು ಮಾಡಿಸುವ ಕೆಲಸಗಳು. ಹಾಗೆಂದು ಮಕ್ಕಳನ್ನು ಈಗಲೇ ಡಿಸೈನರುಗಳನ್ನಾಗಿ ಮಾಡುವುದು ನಮ್ಮ ಉದ್ದೇಶವಲ್ಲ. ಚಿತ್ರ ಬರೆಯಲು ಕಲಿಸುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನಮಗೆ ಕಂಡಿಲ್ಲ.

ಕಾರಣ ಇಷ್ಟೇ. ಹೂಕುಂಡದ ಚಿತ್ರ ತಪ್ಪಾದರೆ ಅದು ತಪ್ಪೆಂದು ಮಗುವಿಗೆ ಮೇಷ್ಟ್ರು ಹೇಳಬೇಕು. ಮೇಷ್ಟ್ರು ಹೇಳಿದರೂ ಮಗು ಪೂರ್ತಿ ಒಪ್ಪುವುದಿಲ್ಲ, ಯಾಕೆಂದರೆ ತಪ್ಪು ಅದರ ಕಣ್ಣಿಗೆ ಕಾಣುತ್ತಿಲ್ಲ. ಲೇಬಲ್ಲಿನ ಅಳತೆ ತಪ್ಪಿದರೆ ಎರಡು ತುದಿಗಳು ಕೂಡುವುದಿಲ್ಲ. ಪೊಟ್ಟಣದ ಗೆರೆ ಓರೆಯಾದರೆ ಮುಚ್ಚಳ ಕೂರುವುದಿಲ್ಲ. ಬೋರ್ಡಿನ ಅಕ್ಷರ ಇಕ್ಕಟ್ಟಾದರೆ ಐದಡಿ ದೂರ ನಿಂತ ಗೆಳೆಯನಿಗೆ ಓದಲು ಬರುವುದಿಲ್ಲ. ತಪ್ಪು ತಾನಾಗಿಯೇ ಎದ್ದು ಕಾಣುತ್ತದೆ; ಯಾರೂ ಬೈಯಬೇಕಾಗಿಲ್ಲ. ತಿದ್ದಿಕೊಳ್ಳುವುದಕ್ಕೆ ಮತ್ತೆ ನೋಡಬೇಕು, ಮತ್ತೆ ಅಳೆಯಬೇಕು, ಮತ್ತೆ ಬರೆಯಬೇಕು. ಚಿತ್ರ ಕಲಿಯುವುದು ಎಂದರೆ ಈ ಮೂರು ಕೆಲಸವೇ.

ಮೊದಲನೆಯ ಕೆಲಸ ಅಂಗಡಿಯ ಬೋರ್ಡು. 2024ರಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ತಿದ್ದುಪಡಿಯಾಗಿ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕೆಂಬ ನಿಯಮ ಬಂತು. ಕನ್ನಡ ಅಕ್ಷರವನ್ನು ಅಂದವಾಗಿ, ದೂರದಿಂದ ಓದುವಂತೆ ಕೂರಿಸಬಲ್ಲವರು ಬೇಕು ಎಂಬುದು ಈ ನಿಯಮದಿಂದ ಎಲ್ಲರಿಗೂ ಮನವರಿಕೆಯಾಗಿದೆ. ಆದರೆ ಅಕ್ಷರ ಕೂರಿಸುವುದನ್ನು ನಮ್ಮ ಶಾಲೆಗಳಲ್ಲಿ ಕಲಿಸುವ ಕ್ರಮವೇ ಇಲ್ಲದಂತಾಗಿದೆ. ದುಂಡಗೆ ಬರೆಯಿಸುವ ಕಾಪಿ ಪುಸ್ತಕಕ್ಕೂ ಇದಕ್ಕೂ ಸಂಬಂಧವಿಲ್ಲ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. 8 ಅಡಿ ಅಗಲ, 3 ಅಡಿ ಎತ್ತರದ ಬೋರ್ಡು. ಬರೆಯಬೇಕಾದದ್ದು ‘ಶ್ರೀ ಅನ್ನಪೂರ್ಣೇಶ್ವರಿ ಸ್ಟೋರ್ಸ್’. ಒಂದು ಅಡಿಗೆ ಒಂದು ಇಂಚಿನ ಲೆಕ್ಕದಲ್ಲಿ ಮಗು ಎ4 ಹಾಳೆಯ ಮೇಲೆ 8 ಇಂಚು, 3 ಇಂಚಿನ ಚೌಕಟ್ಟು ಹಾಕುತ್ತದೆ. ಹೆಚ್ಚಿನ ಮಕ್ಕಳು ಮಾಡುವ ಮೊದಲ ತಪ್ಪು ಏನೆಂದರೆ ಎಡಗಡೆಯಿಂದ ದೊಡ್ಡದಾಗಿ ಶುರು ಮಾಡಿ, ‘ಪೂ’ಗೆ ಬರುವಷ್ಟರಲ್ಲಿ ಅರ್ಧ ಬೋರ್ಡು ಮುಗಿಸಿ, ‘ಸ್ಟೋರ್ಸ್’ ಅನ್ನು ಮೂಲೆಗೆ ತುರುಕುವುದು. ಎರಡನೆಯದು, ಬೋರ್ಡಿನ ಎತ್ತರವನ್ನೆಲ್ಲ ಮೂಲ ಅಕ್ಷರಕ್ಕೇ ಕೊಟ್ಟುಬಿಡುವುದು. ಆಮೇಲೆ ನ್ನ, ಶ್ವ, ಸ್ಟೋ ಇವುಗಳ ಒತ್ತಕ್ಷರಕ್ಕೆ ಜಾಗವಿಲ್ಲದೆ ಒತ್ತು ಇರುವೆಯಷ್ಟಾಗುತ್ತದೆ, ಇಲ್ಲವೆ ಬೋರ್ಡಿನಿಂದ ಕೆಳಗೆ ಬೀಳುತ್ತದೆ. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಎರಡು ಗೆರೆ ಸಾಕು. ಕನ್ನಡಕ್ಕೆ ನಾಲ್ಕು ಬೇಕು: ಗುಡಿಸು ಏಳುವ ಗೆರೆ, ತಲೆಕಟ್ಟಿನ ಗೆರೆ, ಅಕ್ಷರದ ತಳದ ಗೆರೆ, ಒತ್ತಿನ ತಳದ ಗೆರೆ. ಮೊದಲ ಅಭ್ಯಾಸಕ್ಕೆ ಈ ಗೆರೆಗಳ ನಡುವಿನ ಮೂರು ಪಟ್ಟಿಗಳನ್ನು ಮೇಲಿನಿಂದ ಕೆಳಕ್ಕೆ 1:4:2ರಂತೆ ಇಟ್ಟುಕೊಂಡರೆ ಕೈ ಕೂರುತ್ತದೆ. ಆಮೇಲೆ ಬರೆಯುವವರ ಶೈಲಿಗೆ ತಕ್ಕಂತೆ ಬದಲಾಯಿಸಬಹುದು.

ಈಗ ಅಗಲದ ಲೆಕ್ಕ. ಮೂಲ ಅಕ್ಷರದ ಎತ್ತರವನ್ನು ‘ಒಂದು’ ಎಂದಿಟ್ಟುಕೊಂಡು, ಪ್ರತಿ ಅಕ್ಷರಕ್ಕೆ ಒಂದು, ದೀರ್ಘಕ್ಕೂ ‘ಪೂ’ವಿನ ಕೊಂಬಿಗೂ 0.6, ಅರ್ಕಾವೊತ್ತಿಗೆ ಅರ್ಧ, ಪದಗಳ ನಡುವೆ ಅರ್ಧ ಎಂದು ಅಂದಾಜು ಹಾಕಿಸಿ. ಈ ಹೆಸರಿನಲ್ಲಿ ಒಂಬತ್ತು ಅಕ್ಷರ, ನಾಲ್ಕು ದೀರ್ಘ, ಎರಡು ಅರ್ಕಾವೊತ್ತು, ಎರಡು ತೆರಪು. ಒಟ್ಟು ಹದಿಮೂರೂವರೆಗೆ ಹತ್ತಿರ ಬರುತ್ತದೆ. ಅಕ್ಷರ 10 ಇಂಚು ಎಂದುಕೊಂಡರೆ 134 ಇಂಚು ಬೇಕು, ಬೋರ್ಡು ಇರುವುದು 96 ಇಂಚು. 6 ಇಂಚಿನ ಅಕ್ಷರವಾದರೆ 80 ಇಂಚಿನಲ್ಲಿ ಮುಗಿದು ಎರಡೂ ಬದಿ 8 ಇಂಚು ಅಂಚು ಉಳಿಯುತ್ತದೆ. ಆದರೆ 6 ಇಂಚಿನ ಅಕ್ಷರದ ಸಾಲು, ಒತ್ತು ಮತ್ತು ಗುಡಿಸು ಸೇರಿ, ಹತ್ತೂವರೆ ಇಂಚು ಮಾತ್ರ. 36 ಇಂಚು ಎತ್ತರದ ಬೋರ್ಡಿನಲ್ಲಿ ಶೇ. 60 ಎಂದರೆ 21.6 ಇಂಚು. ಹಾಗಾದರೆ ಹೆಸರನ್ನು ಎರಡು ಸಾಲು ಮಾಡಬೇಕೇ? 8 ಇಂಚಿನ ಅಕ್ಷರದ ಎರಡು ಸಾಲು 28 ಇಂಚು ತೆಗೆದುಕೊಳ್ಳುತ್ತದೆ. ಫೋನ್ ನಂಬರಿಗೂ ಇಂಗ್ಲಿಷಿಗೂ 8 ಇಂಚು ಉಳಿಯುತ್ತದೆ. ಇಲ್ಲವೆ ಒಂದೇ ಸಾಲಿನಲ್ಲಿ ಹೆಸರು ಬರೆದು ಕೆಳಗೆ ‘ದಿನಸಿ, ಎಣ್ಣೆ, ಬೇಳೆಕಾಳು’ ಎಂದು ಕನ್ನಡದಲ್ಲೇ ಸೇರಿಸಬೇಕೇ? ಒಂಬತ್ತನೆಯ ತರಗತಿಯ ಮಗು ಇಷ್ಟನ್ನು ಪೆನ್ಸಿಲು ಹಿಡಿದು ಯೋಚಿಸಿದರೆ ಅನುಪಾತ ಎಂಬ ಮಾತು ಗಣಿತದ ಪುಸ್ತಕದಿಂದ ಹೊರಗೆ ಬಂದಂತೆ.

ದೂರದ ಲೆಕ್ಕವೂ ಇದೆ. ಹತ್ತು ಅಡಿ ದೂರಕ್ಕೆ ಒಂದು ಇಂಚು ಅಕ್ಷರ ಎಂಬುದು ಬೋರ್ಡಿನ ಕೆಲಸದಲ್ಲಿ ಬಳಕೆಯಲ್ಲಿರುವ ಅಂದಾಜು. ರಸ್ತೆಯ ಆಚೆ 60 ಅಡಿಯಿಂದ ಓದಬೇಕಾದರೆ ಅಕ್ಷರ 6 ಇಂಚು ಇರಬೇಕು. ನಕ್ಷೆ ಹನ್ನೆರಡರಲ್ಲಿ ಒಂದು ಪಾಲು ಇರುವುದರಿಂದ ಅದನ್ನು ಗೋಡೆಗೆ ಅಂಟಿಸಿ 5 ಅಡಿ ದೂರ ನಿಂತು ಓದಿದರೆ 60 ಅಡಿಯ ಪರೀಕ್ಷೆ ಮಾಡಿದಂತಾಯಿತು. ಖರ್ಚಿಲ್ಲ. ಅಲ್ಲಿ ನಿಂತಾಗಲೇ ಇನ್ನೊಂದು ಸಂಗತಿ ಕಾಣುತ್ತದೆ: ಗೆರೆ ದಪ್ಪಗಿದ್ದಷ್ಟೂ ಚೆನ್ನಾಗಿ ಕಾಣುತ್ತದೆ ಎಂದು ಮಕ್ಕಳು ತಿಳಿದಿರುತ್ತಾರೆ, ಆದರೆ ಗೆರೆ ದಪ್ಪವಾದರೆ ಥಕಾರದ ಚುಕ್ಕೆ ಮುಚ್ಚಿಹೋಗುತ್ತದೆ, ಧಕಾರದ ಸೀಳು ಮುಚ್ಚಿ ದಕಾರವಾಗುತ್ತದೆ, ಷ ಹೋಗಿ ಪ ಆಗುತ್ತದೆ. ಗೆರೆಯ ಒಳಗಿನ ಬಿಳಿ ಜಾಗವೂ ಗೆರೆಯಷ್ಟೇ ಮುಖ್ಯ ಎಂಬ ಪಾಠ ಇದು. ಇದೇ ಪಾಠವನ್ನು ಎಲೆಗಳ ನಡುವಿನ ಆಕಾಶ ಬರೆಯುವಾಗ, ಕುರ್ಚಿಯ ಕಾಲುಗಳ ನಡುವಿನ ತೆರಪು ಬರೆಯುವಾಗ ಹೇಳಿಕೊಟ್ಟರೆ ಮಕ್ಕಳಿಗೆ ಹತ್ತುವುದು ಕಷ್ಟ. ಅಕ್ಷರದಲ್ಲಿ ತೋರಿಸಿ ಆಮೇಲೆ ಕುರ್ಚಿಯ ಮುಂದೆ ಕೂರಿಸಿದರೆ ತಟ್ಟನೆ ಹಿಡಿಯುತ್ತಾರೆ.

ಎರಡನೆಯ ಕೆಲಸಕ್ಕೆ ಒಂದು ಚಿಕ್ಕಿ ಪೊಟ್ಟಣ ಮತ್ತು ಒಂದು ಜೇನಿನ ಬಾಟಲಿ ಸಾಕು. ಪೊಟ್ಟಣದ ಎತ್ತರ 10 ಸೆಂ.ಮೀ., ಅಗಲ 6, ದಪ್ಪ 3 ಎಂದಿರಲಿ. ಬಿಚ್ಚಿ ಹರಡಿದರೆ ಅಗಲ 6+3+6+3, ಅಂಟಿನ ಪಟ್ಟಿಗೆ 1.2, ಒಟ್ಟು 19.2 ಸೆಂ.ಮೀ. ಎತ್ತರ 10, ಮೇಲೆ ಕೆಳಗೆ ಮುಚ್ಚಳಕ್ಕೆ 3 ಮತ್ತು 3, ಒಳಗೆ ಸಿಕ್ಕಿಸುವ ನಾಲಿಗೆಗೆ 1.5 ಮತ್ತು 1.5, ಒಟ್ಟು 19. ಎ4 ಅಳತೆಯ ತೆಳು ರಟ್ಟಿನಲ್ಲಿ ಬರುತ್ತದೆ. ಮಡಿಕೆಯ ಗೆರೆಯನ್ನು ಇಂಕು ಖಾಲಿಯಾದ ಬಾಲ್ ಪೆನ್ನಿನಿಂದ ಸ್ಕೇಲಿಟ್ಟು ಒತ್ತಿ ಎಳೆಯಬೇಕು. ಹಾಗೆ ಮಾಡದೆ ಮಡಿಸಿದರೆ ರಟ್ಟು ತನಗೆ ಬೇಕಾದ ಕಡೆ ಒಡೆಯುತ್ತದೆ. ಅಂಟಿನ ಪಟ್ಟಿಯ ಪಕ್ಕದ ಕೊನೆಯ ಮುಖವನ್ನು ಅರ್ಧ ಮಿ.ಮೀ. ಕಿರಿದು ಮಾಡಬೇಕು, ಯಾಕೆಂದರೆ ಅದು ರಟ್ಟಿನ ದಪ್ಪದ ಮೇಲೆ ಕೂರುತ್ತದೆ. ಹಾಗೆ ಕಿರಿದು ಮಾಡದವರ ಪೊಟ್ಟಣ ಸೊಟ್ಟಗೆ ನಿಲ್ಲುತ್ತದೆ. ರಟ್ಟಿಗೆ ಒಂದು ಎಳೆಯ ದಿಕ್ಕಿದೆ. ಉದ್ದದ ಮಡಿಕೆಗಳು ಆ ದಿಕ್ಕಿಗೇ ಬಂದರೆ ಒಳ್ಳೆಯದು. ಎರಡೂ ಕಡೆಗೆ ಮೆಲ್ಲಗೆ ಬಾಗಿಸಿ ನೋಡಿದರೆ ಸಲೀಸಾಗಿ ಬಾಗುವ ಕಡೆ ಗೊತ್ತಾಗುತ್ತದೆ.

ಪೊಟ್ಟಣ ನಿಂತ ಮೇಲೆ ಅದನ್ನೇ ಮೇಜಿನ ಮೇಲಿಟ್ಟು, ಮೂಲೆ ತಮ್ಮ ಕಡೆಗೆ ಬರುವಂತೆ ತಿರುಗಿಸಿ ಬರೆಯಲು ಹೇಳಬೇಕು. ಪರ್ಸ್ಪೆಕ್ಟಿವ್, ಅಂದರೆ ದೂರದ್ದನ್ನು ಕಣ್ಣಿಗೆ ಕಾಣುವಂತೆ ಚಿಕ್ಕದಾಗಿ ಬರೆಯುವ ಪಾಠದ ಹೊತ್ತು ಇದು. ಕಪ್ಪುಹಲಗೆಯ ಮೇಲೆ ಎರಡು ಚುಕ್ಕೆಯಿಟ್ಟು ಗೆರೆ ಎಳೆದು ತೋರಿಸುವುದರಿಂದ ಮಕ್ಕಳು ಗೆರೆ ಎಳೆಯುವುದನ್ನು ಮಾತ್ರ ಕಲಿಯುತ್ತಾರೆ. ತಾವೇ ಅಳೆದು ಕತ್ತರಿಸಿದ ಪೊಟ್ಟಣದ ಎರಡೂ ಅಂಚು 6 ಸೆಂ.ಮೀ. ಎಂದು ಅವರಿಗೆ ಗೊತ್ತು, ಆದರೂ ಹಿಂದಿನ ಅಂಚು ಚಿಕ್ಕದಾಗಿ ಕಾಣುತ್ತಿದೆ. ಗೊತ್ತಿರುವುದಕ್ಕೂ ಕಾಣುವುದಕ್ಕೂ ಇರುವ ಈ ಜಗಳ ಚಿತ್ರಕಲೆಯ ಬುಡದಲ್ಲಿರುವ ವಿಷಯ. ಅದನ್ನು ಮಗು ತಾನೇ ಅನುಭವಿಸಬೇಕು. ಪೆನ್ಸಿಲನ್ನು ಚಾಚಿದ ಕೈಯಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ ಅಳೆಯುವುದನ್ನು ಇಲ್ಲಿಯೇ ಕಲಿಸಬೇಕು. ಮೊಣಕೈ ಮಡಿಸಿದರೆ ಪ್ರತಿ ಸಲವೂ ಅಳತೆ ಬದಲಾಗುತ್ತದೆ ಎಂಬುದನ್ನು ಹೇಳಲು ಮರೆಯಬಾರದು. ಹೆಚ್ಚಿನ ಮಕ್ಕಳು ಸೋಲುವುದು ಇಲ್ಲೇ.

ಬಾಟಲಿಯದು ಬೇರೆ ಪಾಠ. 7 ಸೆಂ.ಮೀ. ವ್ಯಾಸದ ಬಾಟಲಿಗೆ ಸುತ್ತಳತೆ 22 ಸೆಂ.ಮೀ., ಒಂದರ ಮೇಲೊಂದು ಕೂರಲು 0.8 ಸೇರಿಸಿದರೆ ಲೇಬಲ್ಲು 22.8. ಬಾಯಿಯ ವ್ಯಾಸ ಅಳೆದವರ ಲೇಬಲ್ಲು ಹೊಟ್ಟೆಗೆ ಸಾಲುವುದಿಲ್ಲ. ಬಾಟಲಿಯನ್ನು ಎರಡು ಪುಸ್ತಕಗಳ ನಡುವೆ ಅಡಕಿ ನಡುವಿನ ಅಂತರ ಅಳೆದರೆ ಸರಿಯಾದ ವ್ಯಾಸ ಸಿಗುತ್ತದೆ. ಅಳತೆ ಸರಿಯಾದ ಮೇಲೆ ಎದುರಾಗುವ ದೊಡ್ಡ ತಪ್ಪು, ‘ಕೊಡಗಿನ ಜೇನು’ ಎಂದು 22 ಸೆಂ.ಮೀ. ಉದ್ದಕ್ಕೂ ಬರೆಯುವುದು. ಅಂಟಿಸಿ ನೋಡಿದರೆ ಎದುರಿಗೆ ‘ಗಿನ’ ಮಾತ್ರ ಕಾಣುತ್ತದೆ. ಎದುರು ನಿಂತವರಿಗೆ ಸಲೀಸಾಗಿ ಓದಲು ಸಿಗುವುದು ಸುತ್ತಳತೆಯ ಮೂರರಲ್ಲಿ ಒಂದು ಪಾಲು, ಅಂದರೆ 7 ಸೆಂ.ಮೀ. ಹೆಸರು, ಚಿತ್ರ ಎರಡೂ ಅಷ್ಟರೊಳಗೆ ಬರಬೇಕು. ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಾದ ದಿನಾಂಕ, ತಯಾರಕರ ವಿಳಾಸ, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್.ಎಸ್.ಎಸ್.ಎ.ಐ.) ಪರವಾನಗಿ ಸಂಖ್ಯೆ ಪಕ್ಕದ ಪಾಲಿಗೆ. ಇವಕ್ಕೆ ಮೊದಲೇ ಚೌಕ ಕಾದಿರಿಸದಿದ್ದರೆ ಚಿತ್ರವೆಲ್ಲ ಮುಗಿದ ಮೇಲೆ ಜೇನುಹುಳದ ರೆಕ್ಕೆಯ ಮೇಲೆ ಬೆಲೆ ಬರೆಯಬೇಕಾಗುತ್ತದೆ.

ಆ ಬಾಟಲಿಯನ್ನು ನೋಡಿ ಬರೆಯಿಸುವಾಗ ಬಾಯಿಯನ್ನು ದುಂಡಗೆ, ತಳವನ್ನು ಸಪಾಟಾಗಿ ಬರೆಯುವವರೇ ಹೆಚ್ಚು. ಬಾಟಲಿ ಮೇಜಿನ ಮೇಲೆ ಕೂತಿದೆ, ಹಾಗಾಗಿ ತಳ ಸಪಾಟು ಎಂಬುದು ಮಗುವಿನ ತರ್ಕ. ನಮ್ಮ ಕಣ್ಣಿನ ಮಟ್ಟಕ್ಕಿಂತ ಕೆಳಕ್ಕೆ ಹೋದಷ್ಟೂ ವೃತ್ತ ಹೆಚ್ಚು ತೆರೆದುಕೊಳ್ಳುತ್ತದೆ. ತಳದ ಬಾಗು ಬಾಯಿಯ ಬಾಗಿಗಿಂತ ಆಳವಾಗಿರಬೇಕು. ತಾವು ಅಂಟಿಸಿದ ಲೇಬಲ್ಲಿನ ಮೇಲಂಚು, ಕೆಳಂಚು ಎರಡೂ ಬೇರೆ ಬೇರೆ ಬಾಗಿರುವುದು ಕಣ್ಣೆದುರಿಗೇ ಇರುವುದರಿಂದ ಒಪ್ಪದೆ ವಿಧಿಯಿಲ್ಲ. ಅಂಡಾಕಾರದ ಎರಡು ಬದಿಯನ್ನು ಬಾದಾಮಿಯ ತುದಿಯಂತೆ ಚೂಪು ಮಾಡುವುದು ಇನ್ನೊಂದು ತಪ್ಪು. ಬೆರಳಿನಿಂದ ಬರೆದರೆ ಹಾಗಾಗುತ್ತದೆ. ಭುಜದಿಂದ ಕೈ ಬೀಸಿ, ಗಾಳಿಯಲ್ಲಿ ಎರಡು ಸುತ್ತು ಹಾಕಿ, ಅದೇ ವೇಗದಲ್ಲಿ ಪೆನ್ಸಿಲು ಇಳಿಸಬೇಕು. ಹಳೆಯ ದಿನಪತ್ರಿಕೆಯ ಮೇಲೆ ಇಂಥ ಐವತ್ತು ಸುತ್ತು ಹಾಕಿಸಿದ ಮೇಲೆ ಒಳ್ಳೆಯ ಹಾಳೆ ಕೊಡಿ.

ಮೂರನೆಯದು ಗುರುತು, ಅಂದರೆ ಲೋಗೊ. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಚ್ಚರಿಕೆ ಮಾತ್ರ. ಜೋಳದ ರೊಟ್ಟಿ ಮಾರುವ ಸ್ತ್ರೀಶಕ್ತಿ ಸಂಘಕ್ಕೆ ಗುರುತು ಮಾಡಿ ಎಂದರೆ ಮೊದಲ ದಿನ ಬರುವುದು ದೀಪ, ಸೂರ್ಯ, ಭೂಗೋಳ, ಕೈಕುಲುಕುವ ಎರಡು ಕೈ. ಇವನ್ನು ಬೈಯದೆ ಬದಿಗಿಟ್ಟು ಜೋಳದ ತೆನೆಯೊಂದನ್ನು ಕೈಗೆ ಕೊಡಬೇಕು. ಕಾಳು ಕಾಳು ಎಣಿಸಿ ಬರೆಯಲು ಹೊರಟವರಿಗೆ ಮೊದಲು ತೆನೆಯ ಒಟ್ಟು ಆಕಾರ, ಆಮೇಲೆ ನೆರಳಿನ ಭಾಗ, ಕೊನೆಗೆ ಅಂಚಿನ ಕೆಲವೇ ಕಾಳು ಎಂದು ದಾರಿ ತೋರಿಸಬೇಕು. ರೊಟ್ಟಿ, ಹಂಚು, ತಟ್ಟುವ ಅಂಗೈ ಇವನ್ನೂ ನೋಡಿ ಬರೆದ ಮೇಲೆ 4 ಸೆಂ.ಮೀ. ಚೌಕಗಳಲ್ಲಿ ಇಪ್ಪತ್ತು ಸಣ್ಣ ಸ್ಕೆಚ್ಚು. ಮೊದಲ ಐದಾರು ಎಲ್ಲರದೂ ಒಂದೇ ಥರ ಇರುತ್ತವೆ. ಸ್ವಂತದ್ದು ಹೊರಡುವುದು ಹತ್ತರ ಮೇಲೆ. ಒಂದನ್ನು ಆರಿಸಿ 10 ಸೆಂ.ಮೀ.ಗೆ ಬರೆದು ಜೆರಾಕ್ಸ್ ಅಂಗಡಿಯಲ್ಲಿ ಮೂರು ಸಲ ಅರ್ಧ ಅರ್ಧ ಮಾಡಿಸಿದರೆ 1.25 ಸೆಂ.ಮೀ.ಗೆ ಇಳಿಯುತ್ತದೆ, ಹೆಚ್ಚುಕಡಿಮೆ ರಬ್ಬರ್ ಸ್ಟಾಂಪಿನಲ್ಲಿ ಸಿಗುವ ಜಾಗ. ದೊಡ್ಡದರಲ್ಲಿ 2 ಮಿ.ಮೀ. ಇದ್ದ ಗೆರೆ ಇಲ್ಲಿ ಕಾಲು ಮಿ.ಮೀ. ಆಗಿ ಮಾಯವಾಗಿರುತ್ತದೆ. ಎಲ್ಲಿ ಗೆರೆ ಕಳೆಯಬೇಕು, ಎಲ್ಲಿ ದಪ್ಪ ಮಾಡಬೇಕು ಎಂದು ಆಗ ಮಕ್ಕಳೇ ಹೇಳುತ್ತಾರೆ. ಮೈಸೂರು ಸ್ಯಾಂಡಲ್ ಸೋಪಿನ ಮೇಲಿನ ಶರಭವನ್ನು, 2010ರಲ್ಲಿ ಬಂದ ಡಿ. ಉದಯಕುಮಾರ್ ಅವರ ರೂಪಾಯಿ ಚಿಹ್ನೆಯನ್ನು ಅಕ್ಕಪಕ್ಕ ಇಟ್ಟು ತೋರಿಸಿ. ಒಂದರಲ್ಲಿ ಆನೆಯ ತಲೆ, ಸಿಂಹದ ಮೈ. ಇನ್ನೊಂದರಲ್ಲಿ ದೇವನಾಗರಿಯ ‘ರ’ ಮತ್ತು ರೋಮನ್ ‘ಆರ್’ ಎರಡೂ ಕೆಲವೇ ಗೆರೆಗಳೊಳಗೆ. ಎರಡೂ ನಿಂತಿರುವುದು ಕೈಯಿಂದ ಬರೆದು ಬರೆದು ಸೋಸಿದ ಆಕಾರದ ಮೇಲೆ.

ನಾಲ್ಕನೆಯ ಕೆಲಸ ನಮಗೆ ಎಲ್ಲಕ್ಕಿಂತ ಹತ್ತಿರವಾದದ್ದು: ಅಕ್ಷರವೇ ಇಲ್ಲದೆ ತಿಳಿಸುವ ಚಿತ್ರ. ಭೇದಿಯಾದ ಮಗುವಿಗೆ ಓ.ಆರ್.ಎಸ್. ಕಲಸಿ ಕುಡಿಸುವುದು ಹೇಗೆ? ಎ3 ಹಾಳೆಯನ್ನು ಅಡ್ಡ ಹಿಡಿದು 12 ಸೆಂ.ಮೀ.ಯ ಆರು ಚೌಕ. ಕೈ ತೊಳೆಯುವುದು, 200 ಮಿ.ಲೀ. ಲೋಟದಲ್ಲಿ ಐದು ಲೋಟ ಕುದಿಸಿ ಆರಿಸಿದ ನೀರು ಅಳೆಯುವುದು, ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಸುರಿಯುವುದು, ಕಲಕುವುದು, ಚಮಚದಲ್ಲಿ ಸ್ವಲ್ಪ ಸ್ವಲ್ಪ ಕುಡಿಸುವುದು, 24 ಗಂಟೆ ಕಳೆದರೆ ಚೆಲ್ಲುವುದು. ಮಕ್ಕಳು ಮೊದಲ ಸಲ ತಾಯಿಯ ಮುಖ, ಸೀರೆಯ ಅಂಚು, ಕಿಟಕಿಯ ಪರದೆ ಎಲ್ಲ ಬರೆಯುತ್ತಾರೆ, ಐದು ಲೋಟ ಎಂಬುದೇ ಕಾಣುವುದಿಲ್ಲ. ಈ ಕೆಲಸ ಕಲಿಸುವುದು ಬಿಡುವುದನ್ನು. ಕಲಿಸುವ ಇನ್ನೊಂದು ಸಂಗತಿ ಕೈ ಬರೆಯುವುದು, ಯಾಕೆಂದರೆ ಆರರಲ್ಲಿ ಐದು ಚೌಕದಲ್ಲಾದರೂ ಕೈ ಬಂದೇ ಬರುತ್ತದೆ, ತಪ್ಪಿಸಿಕೊಳ್ಳುವ ಹಾಗಿಲ್ಲ.

ಕೈ ಬರೆಯಲು ಹೆದರಿ ಜೇಬಿನೊಳಗೆ, ಬೆನ್ನ ಹಿಂದೆ ಅಡಗಿಸುವುದು ಎಲ್ಲ ಮಕ್ಕಳ ಉಪಾಯ. ಐದು ಬೆರಳನ್ನು ಒಂದೊಂದಾಗಿ ಬರೆಯಲು ಶುರು ಮಾಡಿದರೆ ಬಾಳೆಹಣ್ಣಿನ ಚಿಪ್ಪಾಗುತ್ತದೆ. ಮೊದಲು ಅಂಗೈಯನ್ನು ಒಂದು ಪೊಟ್ಟಣದಂತೆ ಬರೆಯಬೇಕು. ಪೊಟ್ಟಣ ಬರೆಯುವುದು ಅಷ್ಟು ಹೊತ್ತಿಗೆ ಬಂದಿರುತ್ತದೆ. ನಾಲ್ಕು ಬೆರಳನ್ನೂ ಸೇರಿಸಿ ಒಂದೇ ಪಟ್ಟಿ, ಹೆಬ್ಬೆರಳು ಬೇರೆ. ಹಿಂಗೈ ಕಡೆಯಿಂದ ನೋಡಿದರೆ ನಡುಬೆರಳು ಇಡೀ ಕೈಯ ಉದ್ದದ ಸುಮಾರು ಅರ್ಧ. ಅಂಗೈ ಕಡೆಯಿಂದ ಅದೇ ಬೆರಳು ಗಿಡ್ಡ ಕಾಣುತ್ತದೆ. ಗೆಣ್ಣುಗಳು ನೇರ ಸಾಲಿನಲ್ಲಿಲ್ಲ, ಬಾಗಿದ ಸಾಲಿನಲ್ಲಿವೆ. ಲೋಟ ಹಿಡಿದಾಗ ಬೆರಳು ಲೋಟದ ಬಾಗನ್ನು ಅನುಸರಿಸುತ್ತದೆ, ಹಾಗಾಗಿ ಲೋಟವನ್ನು ಪೂರ್ತಿ, ಹಿಂದಿನ ಗೆರೆಯನ್ನೂ ಸೇರಿಸಿ ತಿಳಿಯಾಗಿ ಬರೆದು ಆಮೇಲೆ ಬೆರಳು ಸುತ್ತಿಸಬೇಕು. ಪಕ್ಕದಲ್ಲಿ ಕೂತವರ ಕೈಯನ್ನೇ ನೋಡಿ ಬರೆಯಿಸಿ, ಫೋನಿನ ಫೋಟೊ ಬೇಡ. ಪಟ ಮುಗಿದ ಮೇಲೆ ಪರೀಕ್ಷಕರು ಮೇಷ್ಟ್ರಲ್ಲ. ಆ ಪಟವನ್ನು ಮೊದಲು ನೋಡಿಲ್ಲದ ಒಬ್ಬರಿಗೆ, ಓದು ಬಾರದ ಅಜ್ಜಿಯಾದರೆ ಇನ್ನೂ ಒಳ್ಳೆಯದು, ತೋರಿಸಿ ‘ಏನು ಮಾಡಬೇಕು ಹೇಳಿ’ ಎಂದು ಕೇಳಬೇಕು. ಅವರು ಎಲ್ಲಿ ತಡವರಿಸುತ್ತಾರೋ ಆ ಚೌಕವನ್ನು ಮತ್ತೆ ಬರೆಯಬೇಕು.

ಒಂದೊಂದು ಕೆಲಸಕ್ಕೆ ಎಂಟು ಪಿರಿಯಡ್ಡು ಬೇಕು, ನಾಲ್ಕಕ್ಕೆ ಮೂವತ್ತೆರಡು. ಮೊದಲನೆಯದರಲ್ಲಿ ಕೆಲಸದ ಚೀಟಿ ಓದಿ ಪ್ರಶ್ನೆ ಕೇಳುವುದು. ಎರಡು, ಮೂರರಲ್ಲಿ ವಸ್ತುವನ್ನು ನೋಡಿ ಬರೆಯುವುದು. ನಾಲ್ಕರಲ್ಲಿ ಸಣ್ಣ ಸ್ಕೆಚ್ಚುಗಳು. ಐದರಲ್ಲಿ ಒಂದನ್ನು ಆರಿಸಿ ಅಳತೆಗೆ ಬರೆಯುವುದು. ಆರರಲ್ಲಿ ಪರೀಕ್ಷೆ ಮತ್ತು ತಿದ್ದುಪಡಿ. ಏಳು, ಎಂಟರಲ್ಲಿ ಟ್ರೇಸಿಂಗ್ ಹಾಳೆಯ ಮೂಲಕ ಒಳ್ಳೆಯ ಹಾಳೆಗೆ ಇಳಿಸಿ ಬಣ್ಣ. ಎರಡನೆಯ, ಮೂರನೆಯ ಪಿರಿಯಡ್ಡನ್ನು ಯಾವ ಕಾರಣಕ್ಕೂ ಬಿಡಬಾರದು. ಬಿಟ್ಟರೆ ಇಡೀ ಯೋಜನೆ ಚಾರ್ಟ್ ಮಾಡುವ ಕೆಲಸವಾಗಿ, ಗ್ಲಿಟರ್ ಪೆನ್ನು ಮತ್ತು ಅಂಟಿಸಿದ ಚಿತ್ರಗಳ ಸ್ಪರ್ಧೆಯಾಗಿ ಮುಗಿಯುತ್ತದೆ.

ಅಂಕ ಕೊಡುವ ರೀತಿಯೂ ಅದಕ್ಕೆ ತಕ್ಕಂತಿರಬೇಕು. ಐವತ್ತಕ್ಕೆ ಲೆಕ್ಕ ಹಾಕಿದರೆ ನೋಡಿ ಬರೆದ ಚಿತ್ರಗಳಿಗೆ 20, ಸಣ್ಣ ಸ್ಕೆಚ್ಚುಗಳಿಗೆ 10, ಪರೀಕ್ಷೆಯ ನಂತರದ ತಿದ್ದುಪಡಿಗೆ 10, ಅಂತಿಮ ಹಾಳೆಗೆ 10. ಅಂತಿಮ ಹಾಳೆಗೆ ಇಷ್ಟು ಕಡಿಮೆಯೇ ಎಂದು ತಾವು ಕೇಳಬಹುದು. ಅದಕ್ಕೆ ಹೆಚ್ಚು ಅಂಕವಿಟ್ಟರೆ ಮನೆಯಲ್ಲಿ ಅಣ್ಣನೋ ಅಕ್ಕನೋ ಮಾಡಿಕೊಡುತ್ತಾರೆ, ಇಲ್ಲವೆ ಸೈಬರ್ ಅಂಗಡಿಯ ಪ್ರಿಂಟು ಬರುತ್ತದೆ. ಮೊದಲ ಮೂರನ್ನು ಯಾರಿಂದಲೂ ಮಾಡಿಸಲಾಗುವುದಿಲ್ಲ, ಅವು ತರಗತಿಯಲ್ಲೇ ಆಗಬೇಕಾದವು. ಪ್ರತಿ ಮಗುವಿಗೆ ಒಂದು ಫೈಲು ಇಟ್ಟು ಕೆಟ್ಟ ಹಾಳೆಗಳನ್ನೂ ದಿನಾಂಕ ಹಾಕಿ ಉಳಿಸಿದರೆ ಸಾಕು. ಮುಂದೆ ಲೋಯರ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆ ಕಟ್ಟುವವರಿಗೆ, ಮೈಸೂರಿನ ದೃಶ್ಯಕಲಾ ಕಾಲೇಜು ಕಾವಾಕ್ಕೆ ಅಥವಾ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಕಾಲೇಜಿಗೆ ಹೋಗಬಯಸುವವರಿಗೆ, ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ (ಎನ್.ಐ.ಡಿ.) ಪ್ರವೇಶ ಪರೀಕ್ಷೆ ಇಲ್ಲವೆ ಐ.ಐ.ಟಿ.ಗಳ ಡಿಸೈನ್ ಕೋರ್ಸಿನ ಯುಸೀಡ್ ಪ್ರವೇಶ ಪರೀಕ್ಷೆ ಬರೆಯುವವರಿಗೆ ಆ ಫೈಲೇ ಅಡಿಪಾಯ. ಯುಸೀಡಿನಲ್ಲಿ ಕೈಯಿಂದ ಚಿತ್ರ ಬರೆಯುವ ಪ್ರಶ್ನೆಯೂ ಇರುತ್ತದೆ ಎಂಬುದು ನಮ್ಮ ಹಳ್ಳಿಯ ಎಷ್ಟೋ ಮಕ್ಕಳ ಕಿವಿಗೇ ಬಿದ್ದಿಲ್ಲ.

ಕಂಪ್ಯೂಟರಿನ ಮಾತು. ಗ್ರಾಫಿಕ್ ಡಿಸೈನ್ ಎಂದ ಕೂಡಲೇ ಇಲಾಖೆಯಲ್ಲಿ ಯಾರಾದರೂ ಲ್ಯಾಬಿನ ಟೆಂಡರು ಎತ್ತುತ್ತಾರೆ ಎಂಬ ಆತಂಕ ನಮಗಿದೆ. ದಯವಿಟ್ಟು ಮೊದಲು ಅದು ಬೇಡ. ತಯಾರಾದ ಟೆಂಪ್ಲೇಟಿನಲ್ಲಿ ಹೆಸರು ಬದಲಾಯಿಸುವುದನ್ನು ಮಗು ಹತ್ತು ನಿಮಿಷದಲ್ಲಿ ಕಲಿಯುತ್ತದೆ, ಅದರಿಂದ ಕಣ್ಣಿಗಾಗಲಿ ಕೈಗಾಗಲಿ ಏನೂ ದಕ್ಕುವುದಿಲ್ಲ. ಪೆನ್ಸಿಲಿನ ರಫ್ ಒಪ್ಪಿಗೆಯಾದ ಮೇಲೆ, ಕಂಪ್ಯೂಟರು ಇರುವ ಶಾಲೆಯಲ್ಲಿ, ಇಂಕ್‌ಸ್ಕೇಪ್, ಕ್ರಿತಾ ಥರದ ಉಚಿತ ತಂತ್ರಾಂಶಗಳಲ್ಲಿ ಅದನ್ನು ಎತ್ತಿಕೊಳ್ಳಲಿ. ಅಕ್ಷರಕ್ಕೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಯೂನಿಕೋಡ್ ಸಂಕೇತದ ಫಾಂಟನ್ನೇ ಬಳಸಲಿ. ಪೇಟೆಯಲ್ಲಿ ಒತ್ತಕ್ಷರ ಒಡೆದು ಪಕ್ಕಕ್ಕೆ ಬಿದ್ದಿರುವ ಬೋರ್ಡುಗಳು ಬೇಕಾದಷ್ಟಿವೆ. ಫೋಟೊಶಾಪಿನಂಥ ತಂತ್ರಾಂಶದ ಹಳೆಯ ಆವೃತ್ತಿಗಳಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಜೋಡಣೆಯ ಆಯ್ಕೆಯನ್ನು ಹಾಕದಿದ್ದರೆ, ಇಲ್ಲವೆ ಹಳೆಯ ಫಾಂಟಿನ ಬರಹವನ್ನು ಯೂನಿಕೋಡಿಗೆ ಪರಿವರ್ತಿಸದೆ ಅಂಟಿಸಿದರೆ ಹಾಗಾಗುತ್ತದೆ. ಕೃತಕ ಬುದ್ಧಿಮತ್ತೆಯಿಂದ ಮಾಡಿಸಿದ ಪೋಸ್ಟರುಗಳಲ್ಲಿ ಕನ್ನಡದಂತೆ ಕಾಣುವ, ಕನ್ನಡವಲ್ಲದ ಅಕ್ಷರಗಳು ಬರುವುದನ್ನೂ ನೋಡುತ್ತಿದ್ದೇವೆ. ‘ಶ್ವ’ವನ್ನು ನಾಲ್ಕು ಗೆರೆಯೊಳಗೆ ಕೈಯಿಂದ ಕೂರಿಸಿದ ಮಗುವಿನ ಕಣ್ಣಿಗೆ ಈ ತಪ್ಪು ಮುಳ್ಳಿನ ಹಾಗೆ ಚುಚ್ಚುತ್ತದೆ. ಪ್ರೆಸ್ಸಿನಲ್ಲಿ ಮಾಲೀಕರು ಹುಡುಕುವುದು ಇಂಥ ಕಣ್ಣನ್ನೇ.

ಸಾಮಗ್ರಿ ಹೆಚ್ಚೇನಿಲ್ಲ. ನಲವತ್ತು ಮಕ್ಕಳ ತರಗತಿಗೆ ವರ್ಷಕ್ಕೆ ಎ3 ಡ್ರಾಯಿಂಗ್ ಶೀಟು 160, ಎ4 ತೆಳು ರಟ್ಟು 80, ಎ3 ಟ್ರೇಸಿಂಗ್ ಹಾಳೆ 80, ತಲಾ ಒಂದು ಎಚ್‌ಬಿ ಮತ್ತು ಒಂದು 2ಬಿ ಪೆನ್ಸಿಲು, 30 ಸೆಂ.ಮೀ. ಸ್ಟೀಲ್ ಸ್ಕೇಲು 20, ಸೆಟ್ ಸ್ಕ್ವೇರ್ ಜೋಡಿ 10, ತುದಿ ಮೊಂಡಾದ ಕತ್ತರಿ 10, ಚಪ್ಪಟೆ ಕುಂಚ 6 ಮತ್ತು 12ನೇ ನಂಬರು, ದುಂಡನೆಯ ಕುಂಚ 2 ಮತ್ತು 4ನೇ ನಂಬರು ತಲಾ ಹತ್ತು. ಪೋಸ್ಟರ್ ಕಲರಿನಲ್ಲಿ ಕೆಂಪು, ಹಳದಿ, ನೀಲಿ, ಕಪ್ಪು, ಬಿಳಿ ಐದೇ ಸಾಕು, ಉಳಿದದ್ದನ್ನು ಮಕ್ಕಳೇ ಕಲಸಿಕೊಳ್ಳಲಿ. ಬಿಳಿ ಮಾತ್ರ ಎರಡು ಪಟ್ಟು ತರಿಸಬೇಕು, ಅದು ಮೊದಲು ಖಾಲಿಯಾಗುತ್ತದೆ. ಬಣ್ಣ ಗಟ್ಟಿ ಮಜ್ಜಿಗೆಯ ಹದದಲ್ಲಿರಬೇಕು: ನೀರಾದರೆ ಹಾಳೆ ಅಲೆಯೇಳುತ್ತದೆ, ಮೊಸರಿನಂತಾದರೆ ಪೊಟ್ಟಣದ ಮಡಿಕೆಯಲ್ಲಿ ಬಿರುಕು ಬಿಟ್ಟು ಉದುರುತ್ತದೆ. ಸ್ಕೆಚ್ಚಿಗೆ ಒಂದು ಬದಿ ಖಾಲಿ ಇರುವ ಕಚೇರಿಯ ಹಳೆ ಕಾಗದ ಸಾಕು. ಕಟರನ್ನು ಶಿಕ್ಷಕರು ಮಾತ್ರ ಬಳಸಲಿ.

ಎರಡು ವಿಷಯದಲ್ಲಿ ನಿಯಮ ಬೇಕು. ಹತ್ತಿರದ ಅಂಗಡಿಯವರು, ಕಾರ್ಖಾನೆಯವರು ಮಕ್ಕಳಿಂದ ಬಿಟ್ಟಿ ಕೆಲಸ ಮಾಡಿಸಿಕೊಳ್ಳುವ ಹಾದಿಗೆ ಇದು ಹೋಗಬಾರದು. ನಿಜವಾಗಿ ಬಳಸುವ ಕೆಲಸವೇನಿದ್ದರೂ ಶಾಲೆಯದೇ ಇರಲಿ: ಬಿಸಿಯೂಟದ ಪಟ್ಟಿ, ಗ್ರಂಥಾಲಯದ ಫಲಕ, ವಾರ್ಷಿಕೋತ್ಸವದ ಆಮಂತ್ರಣ. ಎರಡನೆಯದು, ಸಿನಿಮಾ ನಟರ ಫೋಟೊ, ಬೇರೆ ಕಂಪನಿಯ ಗುರುತು ಎತ್ತಿ ಹಾಕುವುದನ್ನು ಮೊದಲ ದಿನವೇ ತಡೆಯಬೇಕು. ಬೇರೆಯವರ ಚಿತ್ರಕ್ಕೆ ಬೇರೆಯವರು ಒಡೆಯರು ಎಂಬುದು ಈ ವೃತ್ತಿಯ ಮೊದಲ ಮರ್ಯಾದೆ.

ಇಷ್ಟನ್ನು ಕಲಿಸುವವರು ಯಾರು? ಚಿತ್ರಕಲಾ ಶಿಕ್ಷಕರ ಹುದ್ದೆಯೇ ಇಲ್ಲದ, ಇದ್ದೂ ಖಾಲಿ ಬಿದ್ದಿರುವ ಶಾಲೆಗಳು ತಮ್ಮ ಪಟ್ಟಿಯಲ್ಲೇ ಇವೆ. ಅವನ್ನು ತುಂಬುವುದಕ್ಕೆ ಈ ನಾಲ್ಕು ಕೆಲಸಗಳು ಬದಲಿಯಲ್ಲ, ಅದನ್ನು ಸ್ಪಷ್ಟವಾಗಿ ಹೇಳುತ್ತೇವೆ. ಇರುವ ಶಿಕ್ಷಕರಿಗೆ ಬೇಸಿಗೆ ರಜೆ ಮುಗಿಯುವ ಮುನ್ನ ಎರಡು ದಿನದ ತರಬೇತಿ ಕೊಡಿ. ಅದರಲ್ಲಿ ಭಾಷಣ ಬೇಡ, ನಾಲ್ಕೂ ಕೆಲಸವನ್ನು ಶಿಕ್ಷಕರೇ ಕೂತು ಮಾಡಲಿ. ಕಲಿಸುವುದಕ್ಕೆ ಆಯಾ ತಾಲ್ಲೂಕಿನ ಬೋರ್ಡು ಬರೆಯುವವರನ್ನು, ಪ್ರೆಸ್ಸಿನವರನ್ನು ಗೌರವಧನ ಕೊಟ್ಟು ಕರೆಸಿ. ಫ್ಲೆಕ್ಸ್ ಬಂದ ಮೇಲೆ ಕುಂಚ ಕೆಳಗಿಟ್ಟ ಎಷ್ಟೋ ಮಂದಿ ಇನ್ನೂ ನಮ್ಮ ನಡುವೆ ಇದ್ದಾರೆ. ಸೀಮೆಸುಣ್ಣದ ದಾರ ಮೀಟಿ ಗೋಡೆಯ ಮೇಲೆ ನೇರ ಗೆರೆ ಹಾಕುವುದು, ಒಂದೇ ಎಳೆತದಲ್ಲಿ ತಲೆಕಟ್ಟು ಎಳೆಯುವುದು ಅವರ ಕೈಯಲ್ಲಿದೆ, ಪುಸ್ತಕದಲ್ಲಿಲ್ಲ.

ಸುತ್ತೋಲೆ ಹೊರಡಿಸುವಾಗ ಮೊದಲ ಕೆಲಸದ ಚೀಟಿಯನ್ನು ಅದರ ಜೊತೆಗೇ ಮುದ್ರಿಸಿ ಕಳಿಸಿ. ಮಾದರಿ ಇಲ್ಲಿದೆ, ಬೇಕಾದಂತೆ ಬದಲಾಯಿಸಿಕೊಳ್ಳಬಹುದು.

ಕೆಲಸ: ಕಿರಾಣಿ ಅಂಗಡಿಯ ಬೋರ್ಡು. ಅಳತೆ: 8 ಅಡಿ, 3 ಅಡಿ. ಬರೆಯಬೇಕಾದದ್ದು: ಶ್ರೀ ಅನ್ನಪೂರ್ಣೇಶ್ವರಿ ಸ್ಟೋರ್ಸ್. ಎಲ್ಲಿ ಹಾಕುತ್ತಾರೆ: ಬಸ್ ನಿಲ್ದಾಣದ ಎದುರು, ನೆಲದಿಂದ 9 ಅಡಿ ಎತ್ತರ. ಎಷ್ಟು ದೂರದಿಂದ ಓದಬೇಕು: 60 ಅಡಿ. ಬಣ್ಣ: ಎರಡು ಮಾತ್ರ. ಕನ್ನಡ: ಶೇ. 60ಕ್ಕೆ ಕಡಿಮೆಯಿಲ್ಲದಂತೆ. ಕೆಲಸ ಶುರು ಮಾಡುವ ಮುನ್ನ ಗಿರಾಕಿಯನ್ನು ಕೇಳಬೇಕಾದ ಮೂರು ಪ್ರಶ್ನೆಗಳನ್ನು ಇಲ್ಲಿ ಬರೆಯಿರಿ.

ಇಂತಿ ತಮ್ಮ ವಿಶ್ವಾಸಿಗಳು,
ಚಿತ್ರಕಲಾ ಶಿಕ್ಷಕರು, ವಿನ್ಯಾಸಕಾರರು ಮತ್ತು ನಾಮಫಲಕ ಬರಹಗಾರರು